ಶಾಲೆಯಲ್ಲಿ ಸೈಕಾಲಜಿ ಇಲ್ಲ, ಸಿಯುಇಟಿಗೆ ನಾನೇ ಓದಿ ಬರೆಯಬಹುದಾ?

ಕುಂಬಳೆ_ಪ್ಲಸ್‌ಟು:
ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆ ಹತ್ತಿರದವಳು, ಪ್ಲಸ್ ಟು ಹ್ಯುಮಾನಿಟೀಸ್. ಹತ್ತರವರೆಗೆ ಕನ್ನಡ ಮೀಡಿಯಂ. ಡಿಗ್ರಿಗೆ ಸೈಕಾಲಜಿ ತೆಗೆದುಕೊಳ್ಳಬೇಕು ಅಂತ ತುಂಬಾ ಆಸೆ ಇದೆ, ಆದರೆ ನಮ್ಮ ಶಾಲೆಯಲ್ಲಿ ಆ ವಿಷಯವೇ ಇಲ್ಲ. ಕೇಂದ್ರೀಯ ಯುನಿವರ್ಸಿಟಿಗಳ ಡಿಗ್ರಿ ಪ್ರವೇಶ ಪರೀಕ್ಷೆ ಸಿಯುಇಟಿಯಲ್ಲಿ ಸೈಕಾಲಜಿ ಬರೆಯಬೇಕು ಅಂತಿದ್ದೇನೆ. ಕೋಚಿಂಗ್‌ಗೆ ಅಂತ ದಿನಾ ಮಂಗಳೂರಿಗೆ ಹೋಗಿ ಬರುವುದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ, ಮಳೆಗಾಲದಲ್ಲಂತೂ ಆಗುವ ಮಾತಲ್ಲ. ಹಾಗಾಗಿ ಎನ್‌ಸಿಇಆರ್‌ಟಿ 12ನೇ ತರಗತಿ ಪುಸ್ತಕ ಡೌನ್‌ಲೋಡ್ ಮಾಡಿ ಓದಲು ಶುರು ಮಾಡಿದ್ದೇನೆ. ಮೊದಲ ಪಾಠದಲ್ಲೇ ಬುದ್ಧಿಶಕ್ತಿಯ ಬಗ್ಗೆ ಸಿದ್ಧಾಂತ ಹೇಳಿದ ಸ್ಪಿಯರ್‌ಮನ್, ಥರ್ಸ್ಟನ್, ಗಿಲ್ಫರ್ಡ್, ಗಾರ್ಡ್ನರ್, ಸ್ಟರ್ನ್‌ಬರ್ಗ್, ಬರೀ ಹೆಸರುಗಳೇ. ಓದುವಾಗ ಅರ್ಥ ಆಗುತ್ತದೆ, ಸ್ವಲ್ಪ ದಿನ ಬಿಟ್ಟರೆ ಒಂದೂ ನೆನಪಿರುವುದಿಲ್ಲ. ಯಾರ ಸಹಾಯವೂ ಇಲ್ಲದೆ ಇದು ಆಗುವ ಕೆಲಸವಾ? ಪರೀಕ್ಷೆಗೆ ಕನ್ನಡ ತೆಗೆದುಕೊಳ್ಳಲಾ, ಇಂಗ್ಲಿಷಾ?

ಬದಿಯಡ್ಕ_ಅಕ್ಕ:
ಆಗುತ್ತದೆ ತಂಗಿ, ಖಂಡಿತ ಆಗುತ್ತದೆ. ಆದರೆ ಪುಸ್ತಕ ತೆರೆಯುವ ಮೊದಲು ಒಂದು ಕೆಲಸ ಮಾಡು. 2025ರಿಂದ ಪ್ಲಸ್ ಟುನಲ್ಲಿ ಓದದ ವಿಷಯವನ್ನೂ ಸಿಯುಇಟಿಯಲ್ಲಿ ಬರೆಯಬಹುದು. ಆದರೆ ಸೀಟು ಕೊಡುವುದು ಯುನಿವರ್ಸಿಟಿ, ಅವರ ನಿಯಮ ಬೇರೆ ಇರಬಹುದು, ಪ್ಲಸ್ ಟುನಲ್ಲಿ ಓದಿದ ವಿಷಯದಲ್ಲೇ ಬರೆದಿರಬೇಕು ಅನ್ನುವವರೂ ಇದ್ದಾರೆ. ನಿನಗೆ ಬೇಕಾದ ಒಂದೊಂದು ಕಡೆಯ ಪ್ರಾಸ್ಪೆಕ್ಟಸ್ ಈಗಲೇ ನೋಡು. ಸೈಕಾಲಜಿ ಡಿಗ್ರಿಗೆ ಪ್ಲಸ್ ಟುನಲ್ಲಿ ಸೈಕಾಲಜಿ ಕೇಳದ ಕಾಲೇಜುಗಳು ಬೇಕಾದಷ್ಟು ಇವೆ, ಹಾಗಾಗಿ ಹೆದರಬೇಡ.

ಇನ್ನು ನೆನಪಿನ ವಿಷಯ. ಇದಕ್ಕೆ ಉತ್ತರ ಸೈಕಾಲಜಿಯಲ್ಲೇ ಇದೆ. ಕಲಿತದ್ದು ಮೊದಮೊದಲು ಬೇಗ ಮರೆತು ಹೋಗುತ್ತದೆ, ಆಮೇಲೆ ಮರೆವು ನಿಧಾನ ಆಗುತ್ತದೆ ಅಂತ ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗ ನನಗೆ ಇನ್ನೂ ಇಷ್ಟ: ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಆದರೆ ವಾರ ಕಳೆದ ಮೇಲೆ ನೋಡಿದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೇ ಜಾಸ್ತಿ ನೆನಪಿತ್ತು. ಅದಕ್ಕೇ ಹೇಳುವುದು, ಒಂದು ಪುಟ ಓದು, ಮುಚ್ಚು, ಖಾಲಿ ಹಾಳೆಯಲ್ಲಿ ನಿನ್ನದೇ ಮಾತಿನಲ್ಲಿ ಬರೆ, ತೆರೆದು ನೋಡು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಲ್ಲಿ ಸೇರಿಸು. ಮರುದಿನ ಹೊಸ ಪಾಠಕ್ಕೆ ಹೋಗುವ ಮೊದಲು ಅದನ್ನೇ ಇನ್ನೊಮ್ಮೆ ಮಾಡು.

ಮತ್ತೊಂದು, ಪ್ರತಿ ವಿಷಯಕ್ಕೂ ನಿನ್ನ ಮನೆಯದ್ದೇ ಉದಾಹರಣೆ ಹುಡುಕು. ಸೋಷಿಯಲ್ ಲೋಫಿಂಗ್ ಅಂತ ಬರುತ್ತದಲ್ವಾ, ಗುಂಪಿನಲ್ಲಿ ಸೇರಿದಾಗ ಒಬ್ಬೊಬ್ಬರ ದುಡಿಮೆ ಕಮ್ಮಿ ಆಗುವುದು. ಅಂಗಳದಲ್ಲಿ ಎಲ್ಲರೂ ಸೇರಿ ಅಡಿಕೆ ಸುಲಿಯುವಾಗ ನೋಡು. ಸುಲಿದದ್ದೆಲ್ಲ ಒಂದೇ ರಾಶಿಗೆ ಬಿದ್ದರೆ ಮಾತು ಜಾಸ್ತಿ, ಕೈ ನಿಧಾನ. ಒಬ್ಬೊಬ್ಬರಿಗೆ ಒಂದೊಂದು ಬುಟ್ಟಿ ಕೊಟ್ಟು ಕೊನೆಗೆ ತೂಗುತ್ತೇವೆ ಅಂದರೆ ಕೈ ತಾನಾಗಿ ಚುರುಕಾಗುತ್ತದೆ. ಯಾಕೆ ಲೋಫಿಂಗ್ ಆಗುತ್ತದೆ, ಅದನ್ನು ಕಮ್ಮಿ ಮಾಡುವುದು ಹೇಗೆ, ಎರಡಕ್ಕೂ ಉತ್ತರ ಆ ಅಂಗಳದಲ್ಲೇ ಇದೆ. ಪರೀಕ್ಷೆಯಲ್ಲಿ ಒಂದು ಸನ್ನಿವೇಶ ಕೊಟ್ಟು ಇದು ಯಾವುದು ಅಂತ ಕೇಳಿದಾಗ, ವ್ಯಾಖ್ಯಾನ ಉರು ಹೊಡೆದವರು ತಡವರಿಸುತ್ತಾರೆ, ನೀನು ತಡವರಿಸುವುದಿಲ್ಲ.

ಮಂಜೇಶ್ವರ_ರೈಲು:
ಭಾಷೆಯ ಬಗ್ಗೆ ಹೇಳುತ್ತೇನೆ. ಸಿಯುಇಟಿ 13 ಭಾಷೆಗಳಲ್ಲಿದೆ, ಕನ್ನಡವೂ ಇದೆ, ನಮ್ಮ ಕಡೆಯವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಆದರೂ ಸೈಕಾಲಜಿಗೆ ಇಂಗ್ಲಿಷ್ ತೆಗೆದುಕೋ ಅಂತಲೇ ನನ್ನ ಸಲಹೆ. ನೀನು ಓದುತ್ತಿರುವ ಪುಸ್ತಕ ಇಂಗ್ಲಿಷ್, ಇಡೀ ವರ್ಷ 'ಕಾಗ್ನಿಟಿವ್ ಡಿಸೊನೆನ್ಸ್' (ಮನಸ್ಸಿನ ಎರಡು ವಿಚಾರ ಒಂದಕ್ಕೊಂದು ಹೊಂದದಾಗ ಆಗುವ ಕಸಿವಿಸಿ) ಅಂತ ಓದಿ ಪರೀಕ್ಷೆಯ ದಿನ ಅದರ ಕನ್ನಡ ರೂಪವನ್ನು ಮೊದಲ ಸಲ ನೋಡಿದರೆ ಅಲ್ಲೇ ಸಮಯ ಹೋಗುತ್ತದೆ.

ಮುಳ್ಳೇರಿಯ_ಮೇಷ್ಟ್ರು:
ಪರೀಕ್ಷೆಗೆ ಇಂಗ್ಲಿಷ್ ಸರಿ, ಒಪ್ಪುತ್ತೇನೆ. ಆದರೆ ಯೋಚನೆ ಕನ್ನಡದಲ್ಲೇ ನಡೆಯಲಿ. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಇಂಗ್ಲಿಷ್ ವಾಕ್ಯವನ್ನು ಹಾಗೇ ಬಾಯಿಪಾಠ ಮಾಡಲು ಹೊರಡುತ್ತಾರೆ, ಅಲ್ಲೇ ಪಾಠ ಕೈತಪ್ಪುವುದು. ಅಜ್ಜಿಗೆ ಅರ್ಥ ಆಗುವಂತೆ ಹೇಳಲು ಬಂದರೆ ನಿನಗೆ ಅರ್ಥ ಆಗಿದೆ ಅಂತ ತಿಳಿದುಕೋ ಮಗಳೇ.

ಲೆಕ್ಕವನ್ನೂ ತಿಳಿದುಕೊಂಡಿರು. ಒಂದು ವಿಷಯಕ್ಕೆ ನಾಲ್ಕು ಆಯ್ಕೆಯ 50 ಪ್ರಶ್ನೆ, 60 ನಿಮಿಷ, ಎಲ್ಲವನ್ನೂ ಉತ್ತರಿಸಬೇಕು, ಒಟ್ಟು 250 ಅಂಕ. ಸರಿಯಾದರೆ 5, ತಪ್ಪಾದರೆ 1 ಕಳೆಯುತ್ತಾರೆ. ನಾಲ್ಕು ಪ್ರಶ್ನೆಗೆ ಸುಮ್ನೆ ಊಹಿಸಿ ಒಂದು ಸರಿಯಾದರೂ 5ರಲ್ಲಿ 3 ಹೋಗಿ 2 ಉಳಿಯುತ್ತದೆ. ಒಂದೆರಡು ಆಯ್ಕೆ ತಪ್ಪು ಅಂತ ಗೊತ್ತಾದರೆ ಇನ್ನೂ ಲಾಭ. ಖಾಲಿ ಬಿಡಲೇಬೇಡ. ಕ್ರಮ ಕೇಳುವ ಪ್ರಶ್ನೆಗಳಿಗೂ ತಯಾರಿರು: ಸೆಲ್ಯೆ ಹೇಳಿದ ಒತ್ತಡದ ಮೂರು ಹಂತ, ಟಕ್‌ಮನ್ ಹೇಳಿದ ಗುಂಪಿನ ಐದು ಹಂತ. ಇವೆಲ್ಲ ಸುಲಭದ ಅಂಕ.

ಕುಂಬಳೆ_ಪ್ಲಸ್‌ಟು:
ಅಕ್ಕ, ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಾಸ್ಪೆಕ್ಟಸ್ ಇವತ್ತೇ ನೋಡುತ್ತೇನೆ. ಇನ್ನೊಂದು ವಿಷಯ ಕೇಳಬೇಕಿತ್ತು. ಮಾನಸಿಕ ಕಾಯಿಲೆಗಳ ಪಾಠ ಓದಿದರೆ ಎಲ್ಲವೂ ನನಗೇ ಇದೆ ಅನಿಸುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಆ ಪಾಠ ಬಿಟ್ಟುಬಿಡಲಾ?

ಬದಿಯಡ್ಕ_ಅಕ್ಕ:
ಬಿಡಬೇಡ, ಅದರಿಂದ ಪ್ರಶ್ನೆ ಬರುತ್ತದೆ, ಮುಂದೆ ಡಿಗ್ರಿಯಲ್ಲೂ ಅದೇ ಬೇಕು. ಹಾಗೆ ಅನಿಸುವುದು ಓದುವ ಎಷ್ಟೋ ಮಕ್ಕಳಿಗೆ ಆಗುತ್ತದೆ. ಲಕ್ಷಣಗಳ ಪಟ್ಟಿಗೆ ಹೋಗುವ ಮೊದಲು ಆ ಪಾಠದ ಶುರುವಿನಲ್ಲಿ ಇರುವ ನಾಲ್ಕು ಪ್ರಶ್ನೆ ಓದು: ನಡವಳಿಕೆ ಸಾಮಾನ್ಯಕ್ಕಿಂತ ತೀರಾ ಬೇರೆಯಾ, ಅದರಿಂದ ಸಂಕಟ ಆಗುತ್ತಿದೆಯಾ, ದಿನದ ಕೆಲಸ ಕೆಡುತ್ತಿದೆಯಾ, ತನಗೋ ಬೇರೆಯವರಿಗೋ ಅಪಾಯ ಇದೆಯಾ. ಪರೀಕ್ಷೆ ಹತ್ತಿರ ಬಂದಾಗ ಎದೆ ಹೊಡೆದುಕೊಂಡ ಮಾತ್ರಕ್ಕೆ ಅದು ಕಾಯಿಲೆ ಆಗುವುದಿಲ್ಲ. ಆದರೆ ನಿದ್ದೆ ಇಲ್ಲದೆ ಹಗಲು ಕೂಡ ಒದ್ದಾಡುತ್ತಿದ್ದರೆ ಮನೆಯಲ್ಲಿ ಹೇಳು, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡು ಕೊಡಬೇಕಿಲ್ಲ, ನಾಚಿಕೆಯೂ ಬೇಡ. ಆ ಪಾಠವನ್ನು ಬೆಳಿಗ್ಗೆ ಓದು, ರಾತ್ರಿಗೆ ಗುಂಪಿನ ಪಾಠ ಇಟ್ಟುಕೋ. ಸ್ಪಿಯರ್‌ಮನ್‌ನಿಂದ ಸ್ಟರ್ನ್‌ಬರ್ಗ್‌ವರೆಗೆ ಒಂದು ಹಾಳೆಯಲ್ಲಿ ನೆನಪಿನಿಂದ ಬರೆದು ಫೋಟೋ ಇಲ್ಲಿ ಹಾಕು, ನೋಡಿ ತಿದ್ದಿ ಕೊಡುತ್ತೇನೆ.