ಪುಟ್ಟಿ ಡಬಲ್ಸ್ ಆಡಲಿ ಭಾವ

ಭಾವ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಅಡುಗೆ ಕೆಲಸ ಮುಗಿಸಿ ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅಕ್ಕನೂ ನೀವೂ ಪೂರ್ತಿ ಕೇಳಿ. ಪುಟ್ಟಿಯನ್ನು ಇನ್ಮೇಲೆ ಬ್ಯಾಡ್ಮಿಂಟನ್‌ನಲ್ಲಿ ಒಬ್ಬಳೇ ಬೇಡ, ಜೋಡಿಯಾಗಿ ಡಬಲ್ಸ್ ಆಡಿಸೋಣ ಅಂತ ಕೋಚ್ ಹೇಳಿದ್ದಕ್ಕೆ ನಿಮಗೆ ಬೇಜಾರಾಗಿದೆ. "ಸಿಂಗಲ್ಸ್‌ನಲ್ಲಿ ಆಗದವರನ್ನು ಅಲ್ಲಿಗೆ ತಳ್ಳುತ್ತಾರೆ" ಅಂತ ಬರೆದಿದ್ದೀರಿ. ಕಾಲೇಜಿನಲ್ಲಿದ್ದಷ್ಟು ದಿನ ಡಬಲ್ಸ್ ಆಡಿದವಳು ನಾನು. ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ಅಶ್ವಿನಿ ಪೊನ್ನಪ್ಪ ಅವರನ್ನೇ ತಗೊಳ್ಳಿ. ಕೊಡವರ ಮನೆಯ ಹುಡುಗಿ, ಹುಟ್ಟಿದ್ದು 1989ರಲ್ಲಿ ನಮ್ಮ ಬೆಂಗಳೂರಿನಲ್ಲೇ. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನ ಕೊನೆಯ ದಿನ ಅಂದರೆ ಎಲ್ಲರಿಗೂ ಸೈನಾ ಗೆದ್ದದ್ದು ನೆನಪಿದೆ. ಅದೇ ದಿನ ಜ್ವಾಲಾ ಗುಟ್ಟಾ ಜೊತೆ ಅಶ್ವಿನಿಯೂ ಚಿನ್ನ ಗೆದ್ದರು. ಮರುವರ್ಷ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಬ್ಬರಿಗೂ ಕಂಚು ಬಂತು. ಅಲ್ಲಿಯವರೆಗೆ ಆ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಇದ್ದದ್ದು ಒಂದೇ ಪದಕ, 1983ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರು ತಂದದ್ದು. 28 ವರ್ಷ ಆದಮೇಲೆ ಎರಡನೆಯದನ್ನು ತಂದವರು ಡಬಲ್ಸ್ ಆಡುವ ಹೆಣ್ಣುಮಕ್ಕಳು ಭಾವ! ಸಿಂಧು ಅವರ ಮೊದಲ ಪದಕ ಬಂದದ್ದೂ ಆಮೇಲೆಯೇ, 2013ರಲ್ಲಿ.

ಅವರ ಹಳೆಯ ಪಂದ್ಯ ಯಾವುದಾದರೂ ಸಿಕ್ಕರೆ ಪುಟ್ಟಿ ಜೊತೆ ಕೂತು ನೋಡಿ. ಹಿಂದೆ ನಿಂತು ಅಶ್ವಿನಿ ಸ್ಮ್ಯಾಷ್ ಹೊಡೆಯುತ್ತಾರೆ, ಎಷ್ಟು ಬಿರುಸು ಅಂತೀರಿ. ಮುಂದೆ ನೆಟ್ ಹತ್ತಿರ ಎಡಗೈ ಆಟಗಾರ್ತಿ ಜ್ವಾಲಾ ಕಾದಿರುತ್ತಾರೆ. ಎದುರಿನವರು ಹೇಗೋ ತಡೆದು ವಾಪಸ್ ಕಳಿಸಿದ ಶಟಲ್ ಅಲ್ಲೇ ಸಾಯುತ್ತದೆ. ನೀವೇ ಶಟಲ್ ಮೇಲೆತ್ತಬೇಕಾಗಿ ಬಂದರೆ ಕಥೆ ಬೇರೆ. ಆ ಕ್ಷಣವೇ ಇಬ್ಬರೂ ಎಡಕ್ಕೊಬ್ಬರು ಬಲಕ್ಕೊಬ್ಬರು ಸರಿದು ನಿಲ್ಲಬೇಕು. ಯಾರೂ ಯಾರಿಗೂ ಕೂಗಿ ಹೇಳುವುದಿಲ್ಲ. ಸರ್ವ್‌ಗೆ ಮೊದಲು ಮುಂದಿನವರು ಬೆನ್ನ ಹಿಂದೆ ಬೆರಳು ತೋರಿಸುತ್ತಾರಲ್ಲ, ಅದು ಶಟಲ್ ಎಲ್ಲಿ ಬೀಳಿಸುತ್ತೇನೆ ಅಂತ ಜೋಡಿಗೆ ಕೊಡುವ ಸೂಚನೆ. ಇನ್ನು ಇಬ್ಬರ ಮಧ್ಯೆ ಬಂದ ಶಟಲ್ ಯಾರದು? ನಾನೂ ನನ್ನ ಜೋಡಿಯೂ ಮೊದಲ ತಿಂಗಳಲ್ಲೇ ಒಟ್ಟಿಗೆ ಕೈ ಬೀಸಿದೆವು. ಟಪ್ ಅಂತ ಸದ್ದಾಯಿತು, ಅವಳ ರ‍್ಯಾಕೆಟ್ ಫ್ರೇಮ್ ಬಿರುಕು ಬಿಟ್ಟಿತು. ಅವತ್ತಿನಿಂದ ಮಧ್ಯೆ ಬಂದದ್ದು ಫೋರ್‌ಹ್ಯಾಂಡ್, ಅಂದರೆ ರ‍್ಯಾಕೆಟ್ ಹಿಡಿದ ಕೈ, ಆ ಬದಿಗೆ ಇರುವವಳದು ಅಂತ ಮಾತಾಯಿತು. ಅದು ಕೈಗೆ ಹತ್ತಲು ಒಂದು ವರ್ಷ ಹಿಡಿಯಿತು. ಇಷ್ಟೆಲ್ಲಾ ಇರುವ ಆಟಕ್ಕೆ ಸೋತವರ ಆಟ ಅನ್ನಬಹುದಾ ಹೇಳಿ?

ಕಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ. ರ‍್ಯಾಂಕಿಂಗ್ ಆಟಗಾರ್ತಿಯದಲ್ಲ, ಜೋಡಿಯದು. ಜೋಡಿ ಬದಲಾದರೆ ಮತ್ತೆ ಕೆಳಗಿನಿಂದ ಹತ್ತಬೇಕು. ಜೋಡಿಯವಳ ಕಾಲು ಉಳುಕಿದರೆ ನೀವೂ ಮನೆಯಲ್ಲಿ ಕೂರಬೇಕು. ಬಹುಮಾನದ ಹಣ ಸಿಂಗಲ್ಸ್‌ಗಿಂತ ಚೂರು ಜಾಸ್ತಿ ಇರುತ್ತದೆ, ಆದರೆ ಇಬ್ಬರಿಗೂ ಹಂಚಿದಾಗ ಒಬ್ಬೊಬ್ಬರ ಕೈಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ ಅಷ್ಟೆ. ದುಡ್ಡಿನ ಬಗ್ಗೆ ನಿಮ್ಮ ಚಿಂತೆ ತಪ್ಪಲ್ಲ ಭಾವ.

2012ರ ಲಂಡನ್ ಒಲಿಂಪಿಕ್ಸ್ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಜ್ವಾಲಾ, ಅಶ್ವಿನಿ ಜಪಾನ್ ಜೋಡಿಗೆ ಸೋತರು, ಆಮೇಲೆ ತೈಪೆಯವರನ್ನೂ ಸಿಂಗಪುರದವರನ್ನೂ ಸೋಲಿಸಿದರು. ಗುಂಪಿನಲ್ಲಿ ಮೂರು ಜೋಡಿಗಳು ತಲಾ ಎರಡು ಪಂದ್ಯ ಗೆದ್ದು ಸಮ ಆದವು. ಗೆದ್ದ, ಸೋತ ಪಾಯಿಂಟ್‌ಗಳ ಲೆಕ್ಕ ಹಾಕಿದಾಗ ಒಂದೇ ಒಂದು ಪಾಯಿಂಟ್‌ನಲ್ಲಿ ನಮ್ಮವರಿಗೆ ಕ್ವಾರ್ಟರ್ ಫೈನಲ್ ತಪ್ಪಿತು. ಮೂರು ಪಂದ್ಯಗಳಲ್ಲಿ ಎಲ್ಲೋ ನೆಟ್‌ಗೆ ತಾಗಿ ಬಿದ್ದ ಒಂದು ಶಟಲ್! ಅದು ಯಾರ ಕೈಯಿಂದ ಹೋಯಿತು ಅಂತ ಲೆಕ್ಕ ಇಡಲು ಕೂತರೆ ಜೋಡಿ ಉಳಿಯುವುದಿಲ್ಲ. ಅವರು ಉಳಿದರು. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2015ರಲ್ಲಿ ಕೆನಡಾ ಓಪನ್ ಗೆಲುವು, 2016ರಲ್ಲಿ ಮತ್ತೆ ಒಲಿಂಪಿಕ್ಸ್‌ಗೆ, ರಿಯೊಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಮೇಲಿನ ಕಥೆ. ಸಿಕ್ಕಿ ರೆಡ್ಡಿ ಜೊತೆ 2018ರ ಕಾಮನ್‌ವೆಲ್ತ್ ಕಂಚು ಬಂತು. ಟೋಕಿಯೊ ಒಲಿಂಪಿಕ್ಸ್‌ಗೆ ಹೋಗಲು ಆಗಲಿಲ್ಲ. 33ನೇ ವಯಸ್ಸಿನಲ್ಲಿ, ತನಗಿಂತ ಸುಮಾರು 14 ವರ್ಷ ಚಿಕ್ಕವರಾದ ತನಿಷಾ ಕ್ರಾಸ್ಟೊ ಜೊತೆ ಹೊಸದಾಗಿ ಶುರು ಮಾಡಿದರು. 2023ರಲ್ಲಿ ಅಬುಧಾಬಿಯಲ್ಲೂ ಗುವಾಹಟಿಯಲ್ಲೂ ಗೆದ್ದರು. ಮರುವರ್ಷ ಪ್ಯಾರಿಸ್! ಅಲ್ಲಿ ಮೂರೂ ಪಂದ್ಯ ಸೋತರು ನಿಜ. ಇದೇ ನನ್ನ ಕೊನೆಯ ಒಲಿಂಪಿಕ್ಸ್ ಅಂತ ಅಶ್ವಿನಿ ಕಣ್ಣೀರು ಹಾಕಿದಾಗ ನಾನೂ ಅತ್ತೆ. 21ರ ಹುಡುಗಿ ಮೊದಲ ಒಲಿಂಪಿಕ್ಸ್ ಆಡಿದ್ದು ಮೂರನೇ ಒಲಿಂಪಿಕ್ಸ್ ಆಡುತ್ತಿದ್ದ ಅಕ್ಕನ ಜೊತೆ. ಸಿಂಗಲ್ಸ್‌ನಲ್ಲಿ ಇಂಥ ಭಾಗ್ಯ ಎಲ್ಲಿದೆ?

ಪುಟ್ಟಿಯನ್ನು ಕಳೆದ ತಿಂಗಳು ನೋಡಿದೆನಲ್ಲ, ಒಂಟಿಯಾಗಿ ಆಡುವಾಗ ಮುಖ ಗಂಟಿಕ್ಕಿಕೊಂಡಿದ್ದಳು. ಆ ಇನ್ನೊಂದು ಹುಡುಗಿ ಪಕ್ಕಕ್ಕೆ ಬಂದಾಗ ಪಾದವೇ ಹಗುರಾಯಿತು. ಕೋಚ್ ಕಂಡದ್ದೂ ಅದನ್ನೇ ಇರಬೇಕು. ಅಕ್ಕಾ, ನೀನು ಮೊದಲು ಅವಳನ್ನೇ ಕೇಳು, ಭಾವನ ಎದುರಿಗೆ ಬೇಡ. ಶನಿವಾರ ನಾನು ಬರುತ್ತೇನೆ. ಆ ಹುಡುಗಿಗೂ ಅವಳ ಅಮ್ಮನಿಗೂ ಸಂಜೆ ಕೋರ್ಟ್ ಹತ್ತಿರ ಬರಲು ಹೇಳಿ. ಭಾವ, ನೀವೂ ಬನ್ನಿ, ಇಬ್ಬರ ಆಟವನ್ನೂ ಒಟ್ಟಿಗೆ ಕೂತು ನೋಡೋಣ.