ರಾಗಿ ಹಳದಿಯಾಯಿತು, ತೆಂಗಿನ ಗರಿ ಸುಡಲೋ ಬಿಡಲೋ? ತೋಟದ ಮಣ್ಣಿನ ಬಗ್ಗೆ ಅನುಭವ ಇದ್ದವರು ಹೇಳಿ

ಪ್ರಶ್ನೆ, ತಿಪಟೂರು ಕಡೆಯಿಂದ: ನಮ್ಮದು ಎರಡು ಎಕರೆ ತೆಂಗಿನ ತೋಟ, ಕೆಂಪು ಮಣ್ಣು. ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ (ಕೊಳೆತ ಸೊಪ್ಪು, ಗೊಬ್ಬರದಿಂದ ಮಣ್ಣಿನಲ್ಲಿ ಉಳಿಯುವ ಇಂಗಾಲ) ಶೇ. 0.38 ಬಂತು, ಕಡಿಮೆಯೇ. ಹೋದ ಮುಂಗಾರಿಗೆ ಎರಡು ಲೋಡು ತೆಂಗಿನ ನಾರಿನ ಪುಡಿ ತಂದು, ಸಾಲಿನ ನಡುವೆ ಹರಡಿ, ಉತ್ತು, ರಾಗಿ ಬಿತ್ತಿದೆ. ಪೈರು ಹಳದಿ ತಿರುಗಿ ಮೇಲೇಳಲೇ ಇಲ್ಲ. ಗರಿ ಬಿಟ್ಟರೆ ಗೆದ್ದಲು ಹತ್ತುತ್ತೆ ಅಂತ ಅಪ್ಪ ಸುಡಿಸುತ್ತಾರೆ. ಏನು ಮಾಡಲಿ?

ಅರಸೀಕೆರೆ ಕಡೆಯಿಂದ: ನನ್ನ ಜೋಳಕ್ಕೂ ಹೀಗೇ ಆಗಿತ್ತು, ಆ ಸಂಕಟ ಗೊತ್ತು. ನಾರಿನ ಪುಡಿ ಇನ್ನೂ ಗೊಬ್ಬರ ಆಗಿರಲಿಲ್ಲ ಅಣ್ಣಾ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಹೆಚ್ಚು ಪಾಲು ಇಂಗಾಲ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹೊಂದುವ ಊಟ 24 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕದ ಆಸುಪಾಸು. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ನಿಮ್ಮ ರಾಗಿಯ ಪಾಲು ಹೋದದ್ದು ಅಲ್ಲಿಗೆ. ಅವು ಸತ್ತಾಗ ಮತ್ತೆ ಮಣ್ಣಿಗೇ ಬಿಡುತ್ತವೆ, ಆದರೆ ರಾಗಿ ಅಲ್ಲಿಯವರೆಗೆ ಕಾಯುವುದಿಲ್ಲ. ಆ ಜಾಗಕ್ಕೆ ಈ ವರ್ಷ ಹುರುಳಿ, ಅಲಸಂದೆ ಹಾಕಿ. ಅವು ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿದುಕೊಳ್ಳುತ್ತವೆ.

ಇನ್ನು ಮುಂದೆ ಪುಡಿಯನ್ನು ಹೊರಗೇ ಕೊಳೆಸಿ. ಅದರಲ್ಲಿರುವ ಲಿಗ್ನಿನ್ ಅನ್ನೋ ಗಟ್ಟಿ ಅಂಶ ಬಿಡಿಸಲು ಶಿಲೀಂಧ್ರವೇ ಬೇಕು. ಒಂದು ಟನ್ ಪುಡಿಗೆ ಐದು ಕಿಲೋ ಯೂರಿಯಾ, ಜೊತೆಗೆ ಚಿಪ್ಪಣಬೆಯ ಬೀಜ. ಪುಡಿ, ಅಣಬೆ ಬೀಜ, ಪುಡಿ, ಯೂರಿಯಾ ಹೀಗೆ ಪದರ ಪದರವಾಗಿ ನೆರಳಿನಲ್ಲಿ ಹಾಕಿ, ತೇವ ಆರದ ಹಾಗೆ ನೋಡಿಕೊಂಡರೆ ತಿಂಗಳು, ತಿಂಗಳೂವರೆಯಲ್ಲಿ ಕಪ್ಪಾಗುತ್ತೆ, ರಾಶಿಯೂ ತಗ್ಗುತ್ತೆ.

ಗರಿಯನ್ನು ದಯವಿಟ್ಟು ಸುಡಬೇಡಿ. ಬೂದಿಯಲ್ಲಿ ಪೊಟ್ಯಾಷ್ ಉಳಿದೀತು, ಇಂಗಾಲವೂ ಸಾರಜನಕವೂ ಹೊಗೆಯಾಗಿ ಹೋಗುತ್ತವೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಗರಿಯಿಂದಲೇ ಎರೆಗೊಬ್ಬರ ಮಾಡುವ ವಿಧಾನ ಕೊಟ್ಟಿದ್ದಾರೆ: ಗರಿಯ ತೂಕದ ಹತ್ತನೇ ಒಂದು ಭಾಗ ಸಗಣಿ ಕದಡಿ ಹಾಕಿ, ಎರಡು ಮೂರು ವಾರ ನೆನೆಸಿ, ಆಮೇಲೆ ಎರೆಹುಳು ಬಿಡುವುದು. ನಾನು ಅಷ್ಟು ಮಾಡಲಿಲ್ಲ. ಮಟ್ಟೆ (ಗರಿಯ ದಪ್ಪ ಬುಡ) ಬೇರೆ ಮಾಡಿ, ಗರಿ ಕತ್ತರಿಸಿ ಪಾತಿಗೆ ಹಾಸಿದೆ, ಮೇಲೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಹಸಿ ಸೊಪ್ಪು. ಉಳುಮೆ ಕಡಿಮೆ ಮಾಡಿದೆ, ಪದೇ ಪದೇ ಉತ್ತರೆ ಇರುವ ಸಾವಯವ ಅಂಶವೂ ಬೇಗ ಉರಿದುಹೋಗುತ್ತೆ. ಆರು ವರ್ಷಕ್ಕೆ ಸಾವಯವ ಇಂಗಾಲ ಶೇ. 0.4ರ ಹತ್ತಿರ ಇದ್ದದ್ದು 0.6 ದಾಟಿತು. ನಿಧಾನವೇ. ನಮ್ಮ ಬಿಸಿಲಿನಲ್ಲಿ ಇದಕ್ಕಿಂತ ಬೇಗ ಏರುತ್ತೆ ಅಂತ ಯಾರಾದರೂ ಡಬ್ಬಿ ಮಾರಿದರೆ ನಾನಂತೂ ಕೊಳ್ಳುವುದಿಲ್ಲ.

ಗೆದ್ದಲಿನ ಬಗ್ಗೆ ಅಪ್ಪನ ಭಯ ಎಳೆ ಸಸಿಗೆ ಸರಿ, ಹೊಸದಾಗಿ ನೆಟ್ಟ ಕಡೆ ಒಣ ಗರಿ ತಾಗಿಸಬೇಡಿ. ಬಲಿತ ಮರದ ಬುಡದಲ್ಲಿ ಅವು ಹೆಚ್ಚಾಗಿ ತಿನ್ನುವುದು ಸತ್ತ ಒಣಕಲನ್ನು. ಮಳೆ ಬಿದ್ದ ಮೇಲೆ ಹುತ್ತದ ಮೇಲೆ ಅಣಬೆ ಏಳುತ್ತಲ್ಲ, ಅದು ಗೆದ್ದಲು ಒಳಗೆ ಸಾಕಿಕೊಂಡ ಶಿಲೀಂಧ್ರವೇ. ಗರಿಯನ್ನು ಅರಗಿಸಿಕೊಳ್ಳಲು ಅವಕ್ಕೂ ಅದರ ನೆರವು ಬೇಕು.

ಶಿರಸಿ ಕಡೆಯಿಂದ: ನಮ್ಮ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಸೊಪ್ಪು, ದರಕು (ಒಣ ಎಲೆ) ಬರುತ್ತೆ. ನಿಮ್ಮಲ್ಲಿ ಇಷ್ಟು ಮಳೆ ಇಲ್ಲ, ನಮ್ಮ ಹಾಗೇ ಮಾಡಿ ಅನ್ನಲಾರೆ. ಆದರೆ ಒಂದು ಕೆಲಸ ಮಾಡಿ. ಹಾಸಿದ್ದನ್ನು ಆಗಾಗ ಎತ್ತಿ ನೋಡಿ. ನಮ್ಮಲ್ಲಿ ಮೊದಲು ಶಿಲೀಂಧ್ರದ ಬಿಳಿ ಎಳೆ ಹಬ್ಬುತ್ತೆ, ಆಮೇಲೆ ಚೋರಟೆ (ಸಾವಿರ ಕಾಲಿನ ಹುಳು), ಎಲೆ ಮೆತ್ತಗಾದ ಮೇಲೆ ಎರೆಹುಳು. ಬೇಸಿಗೆಯಲ್ಲಿ ಹುಳು ಕಾಣದಿದ್ದರೆ ಗಾಬರಿ ಬೇಡ, ತೇವ ಹುಡುಕಿ ಕೆಳಗೆ ಹೋಗಿರುತ್ತೆ.

ಚನ್ನರಾಯಪಟ್ಟಣ ಕಡೆಯಿಂದ: ಎಲ್ಲ ಸರಿ, ಆದರೆ ತಿಪ್ಪೆಯನ್ನು ತೋಟದಲ್ಲೇ ವರ್ಷಗಟ್ಟಲೆ ಬಿಡಬೇಡಿ. ಸುಳಿ ಕೊರೆಯುವ ಕೊಂಬಿನ ದುಂಬಿ ಮೊಟ್ಟೆ ಇಡುವುದೇ ಅಲ್ಲಿ, ಕೊಳೆತ ತೆಂಗಿನ ಕಾಂಡದಲ್ಲೂ ಇಡುತ್ತೆ. ನಮ್ಮಲ್ಲಿ ಹೊಸ ಗರಿಗಳೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬಂದಾಗಲೇ ಗೊತ್ತಾದದ್ದು. ತಿಪ್ಪೆ ಬಗೆದರೆ ಹೆಬ್ಬೆರಳಿನಷ್ಟು ದಪ್ಪದ ಬಿಳಿ ಗೊಣ್ಣೆಹುಳು. ಈಗ ಎರಡು ತಿಂಗಳಿಗೊಮ್ಮೆ ತಿಪ್ಪೆ ತಿರುವಿ ಹಾಕುತ್ತೇವೆ, ಸಿಕ್ಕಿದ ಹುಳುವನ್ನೆಲ್ಲ ಕೋಳಿಗಳು ತಿಂದು ಮುಗಿಸುತ್ತವೆ.