ಡ್ರೋನ್‌ಗೆ ಬ್ಲೂಜೇ ಫರ್ಮ್‌ವೇರ್ ಹಾಕಿದ ಮೇಲೆ 3ನೇ ಮೋಟರ್ ತಡವರಿಸುತ್ತಿದೆ, ಆರ್‌ಪಿಎಂ ಫಿಲ್ಟರ್ ಇದ್ದರೂ ಮೋಟರ್ ಬಿಸಿ

ಡೊಂಬಿವಲಿ_ಕ್ವಾಡ್:

5 ಇಂಚಿನ ಪ್ರಾಪ್ (ತಿರುಗುವ ರೆಕ್ಕೆ) ಇರುವ ರೇಸಿಂಗ್ ಕ್ವಾಡ್ (ನಾಲ್ಕು ಮೋಟರ್‌ನ ಡ್ರೋನ್). 4ಎಸ್ (ನಾಲ್ಕು ಸೆಲ್) ಬ್ಯಾಟರಿ, 2306 ಅಳತೆಯ ಮೋಟರ್, ಎಫ್405 ಫ್ಲೈಟ್ ಕಂಟ್ರೋಲರ್ (ಹಾರಾಟ ನಿಯಂತ್ರಿಸುವ ಬೋರ್ಡ್; ಅದರಲ್ಲಿ ತಿರುಗುವಿಕೆ ಅಳೆಯುವ ಸೆನ್ಸರ್, ಅಂದರೆ ಜೈರೋ, ಬಿಎಂಐ270), ನಾಲ್ಕೂ ಒಂದೇ ಬೋರ್ಡಿನಲ್ಲಿರುವ 45 ಆಂಪ್ ಇಎಸ್‌ಸಿ (ಮೋಟರ್ ವೇಗ ನಿಯಂತ್ರಕ), ಫರ್ಮ್‌ವೇರ್ ಬಿಎಲ್‌ಹೆಲಿ_ಎಸ್. ಆರ್‌ಪಿಎಂ ಫಿಲ್ಟರ್ (ಮೋಟರ್ ವೇಗ ನೋಡಿ ಅದರ ಕಂಪನವನ್ನು ಜೈರೋ ಸಿಗ್ನಲ್‌ನಿಂದ ಸೋಸುವುದು) ಬೇಕು ಅಂತ ಅದರ ಬದಲು ಬ್ಲೂಜೇ ಫ್ಲ್ಯಾಶ್ ಮಾಡಿದೆ, ಪಿಡಬ್ಲ್ಯುಎಂ (ಇಎಸ್‌ಸಿ ಮೋಟರ್ ಕರೆಂಟನ್ನು ಆನ್-ಆಫ್ ಮಾಡುವ ವೇಗ) 48 ಕಿಲೋಹರ್ಟ್ಸ್. ಫ್ಲೈಟ್ ಕಂಟ್ರೋಲರ್‌ನ ಸಾಫ್ಟ್‌ವೇರ್ ಬೀಟಾಫ್ಲೈಟ್‌ನಲ್ಲಿ ಬೈಡೈರೆಕ್ಷನಲ್ ಡಿಶಾಟ್ (ಇಎಸ್‌ಸಿಗೆ ಆದೇಶ ಕಳಿಸಿ ಮೋಟರ್ ವೇಗವನ್ನು ವಾಪಸ್ ಪಡೆಯುವ ಡಿಜಿಟಲ್ ಸಿಗ್ನಲ್) ಆನ್, ಡಿಶಾಟ್600, ಮೋಟರ್ ಪೋಲ್ 12.

ಈಗಿನ ಸ್ಥಿತಿ: ಮೋಟರ್ಸ್ ಟ್ಯಾಬ್‌ನಲ್ಲಿ 1, 2, 4ರ ಎರರ್ (ಇಎಸ್‌ಸಿಯಿಂದ ಬರುವ ವೇಗದ ಮಾಹಿತಿ ತಪ್ಪಿಹೋಗುವ ಪ್ರಮಾಣ) ಶೇ 0. 3ನೆಯದು ಮಾತ್ರ ಶೇ 6-7, ಅದೂ ಮೇಜಿನ ಮೇಲೆ ಪ್ರಾಪ್ ಇಲ್ಲದೆ ಕಡಿಮೆ ಥ್ರಾಟಲ್‌ನಲ್ಲೇ. ಹಾರಿಸುವಾಗ ಥ್ರಾಟಲ್ ಒಮ್ಮೆಲೇ ಒತ್ತಿದರೆ ಕ್ವಾಡ್ ಹಿಂದಿನ ಎಡಕ್ಕೆ ಮಗುಚುತ್ತದೆ. ತಿರುವಿನಿಂದ ಹೊರಬರುವಾಗ ನಡುಕ ಹಾಗೇ ಇದೆ, ಇಳಿಸಿದಾಗ ನಾಲ್ಕೂ ಮೋಟರ್ ಬೆರಳು ಇಡಲಾಗದಷ್ಟು ಬಿಸಿ. ಎಲ್ಲಿಂದ ಶುರು ಮಾಡಲಿ?

ಕೋಥ್ರೂಡ್_ಎಫ್‌ಪಿವಿ:

ಇಲ್ಲಿ ಮೂರು ಬೇರೆ ಬೇರೆ ತೊಂದರೆ ಇವೆ (ಬಿಸಿ, ನಡುಕ, 3ನೇ ಮೋಟರ್‌ನ ಎರರ್), ಒಂದೇ ರೋಗ ಅಂತ ಹಿಡಿಯಬೇಡಿ.

ಮೊದಲು ಪೋಲ್ ಸಂಖ್ಯೆ. 12 ಅನ್ನುವುದು ಒಳಗಿನ ತಾಮ್ರದ ಸುರುಳಿಗಳ ಲೆಕ್ಕ. ಬೀಟಾಫ್ಲೈಟ್ ಕೇಳುವುದು ತಿರುಗುವ ಬೆಲ್‌ನ ಒಳಗೋಡೆಗೆ ಅಂಟಿರುವ ಆಯಸ್ಕಾಂತಗಳ ಲೆಕ್ಕ. 2306, 2207 ಅಳತೆಯವುಗಳಲ್ಲಿ ಸಾಮಾನ್ಯವಾಗಿ 14 ಇರುತ್ತವೆ. 1103, 1404ರಂಥ ಸಣ್ಣವುಗಳಲ್ಲಿ 12. ಅನುಮಾನ ಇದ್ದರೆ ಒಂದು ಆಯಸ್ಕಾಂತಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ, ಬೆಲ್ ತಿರುಗಿಸುತ್ತ ಎಣಿಸಿ. 14 ಇರುವಲ್ಲಿ 12 ಕೊಟ್ಟರೆ ಲೆಕ್ಕದ ಆರ್‌ಪಿಎಂ ನಿಜಕ್ಕಿಂತ ಸುಮಾರು ಶೇ 17 ಹೆಚ್ಚು ಬರುತ್ತದೆ. ಫಿಲ್ಟರ್‌ನ ನಾಚ್ (ಸದ್ದನ್ನು ಕತ್ತರಿಸುವ ಕಿರಿದಾದ ಪಟ್ಟಿ) ಕೂಡ ಅಷ್ಟೇ ಮೇಲೆ ಹೋಗಿ ಕೂರುತ್ತದೆ, ಮೋಟರ್‌ನ ನಿಜವಾದ ಸದ್ದು ಕೆಳಗಿನಿಂದ ನುಸುಳಿ ಡಿ-ಟರ್ಮ್‌ಗೆ (ಹಠಾತ್ ಚಲನೆಗೆ ಪ್ರತಿಕ್ರಿಯಿಸುವ ನಿಯಂತ್ರಣದ ಲೆಕ್ಕ) ಹೋಗುತ್ತದೆ. ಮೋಟರ್ ಬಿಸಿಯಾಗಲು ಅಷ್ಟು ಸಾಕು.

ಎರಡನೆಯದು 48 ಕಿಲೋಹರ್ಟ್ಸ್. ವೂಪ್ ಎಂಬ ಪುಟ್ಟ ಡ್ರೋನ್‌ಗಳಿಗೆ 48, 96 ಒಳ್ಳೆಯದು: ಮೋಟರ್ ನಯವಾಗಿ ತಿರುಗುತ್ತದೆ, ಹಾರಾಟದ ಸಮಯವೂ ಸ್ವಲ್ಪ ಹೆಚ್ಚುತ್ತದೆ. 5 ಇಂಚಿನ ರೇಸಿಂಗ್‌ಗೆ ನನ್ನ ಮತ 24ಕ್ಕೇ. ಪಿಡಬ್ಲ್ಯುಎಂ ಏರಿದಷ್ಟೂ ಕಡಿಮೆ ಥ್ರಾಟಲ್‌ನಲ್ಲಿ ಬ್ರೇಕಿಂಗ್ ಸಡಿಲವಾಗುತ್ತದೆ. ತಿರುವಿನ ಕೊನೆಯಲ್ಲಿ ತನ್ನದೇ ಗಾಳಿಯೊಳಗೆ ಇಳಿಯುವಾಗ ಪ್ರಾಪ್ ತಕ್ಷಣ ನಿಧಾನವಾಗಬೇಕು, ಆಗದಿದ್ದರೆ ನಡುಕ. ಬದಲಾಯಿಸುವಾಗ ನಾಲ್ಕೂ ಇಎಸ್‌ಸಿಗೆ ಒಂದೇ ಆವೃತ್ತಿ, ಒಂದೇ ಸೆಟ್ಟಿಂಗ್ ಇರಲಿ.

ಫ್ಲ್ಯಾಶ್ ಮಾಡುವಾಗ ಲೇಔಟ್ ಹೆಸರಿನ ಕಡೆ ಗಮನ ಕೊಡಿ. ಜಿ-ಎಚ್-30 ಅಂತ ಇದ್ದರೆ ಮೊದಲ ಅಕ್ಷರ ಪಿನ್ ಜೋಡಣೆ, ಎರಡನೆಯದು ಚಿಪ್, ಕೊನೆಯ ಸಂಖ್ಯೆ ಡೆಡ್‌ಟೈಮ್, ಅಂದರೆ ಮಾಸ್‌ಫೆಟ್‌ಗಳು (ಮೋಟರ್ ಕರೆಂಟಿನ ಸ್ವಿಚ್‌ಗಳು) ಬದಲಾಗುವ ನಡುವಿನ ಬಿಡುವು. ಡೆಡ್‌ಟೈಮ್ ಕಡಿಮೆ ಇರುವ ಫೈಲ್ ಹಾಕಿದರೆ ಮೇಲಿನ ಮಾಸ್‌ಫೆಟ್ ಆಫ್ ಆಗುವ ಮೊದಲೇ ಕೆಳಗಿನದು ಆನ್ ಆಗುತ್ತದೆ, ಬ್ಯಾಟರಿ ನೇರ ಶಾರ್ಟ್, ಬೋರ್ಡ್ ಸುಟ್ಟ ಹಾಗೆಯೇ. ಹಾಗಾಗಿ ಹಳೆಯ ಸೆಟ್ಟಿಂಗ್ ಓದಿಸಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಲೇಔಟ್ ಹೊಂದುತ್ತಿಲ್ಲ ಎಂಬ ಎಚ್ಚರಿಕೆ ಬಂದರೆ ಬಲವಂತ ಮಾಡಲೇಬೇಡಿ. ಪ್ರಾಪ್ ಬಿಚ್ಚಿ, ಬೀಟಾಫ್ಲೈಟ್ ಕಾನ್ಫಿಗರೇಟರ್ ಡಿಸ್ಕನೆಕ್ಟ್ ಮಾಡಿ (ಪೋರ್ಟ್ ಅದರ ಕೈಯಲ್ಲೇ ಇದ್ದರೆ ಬೇರೆಯದಕ್ಕೆ ಸಿಗುವುದಿಲ್ಲ), ಯುಎಸ್‌ಬಿ ಜತೆಗೆ ಬ್ಯಾಟರಿಯನ್ನೂ ಹಾಕಿ, ಕ್ರೋಮ್‌ನಲ್ಲಿ ಇಎಸ್‌ಸಿ ಕಾನ್ಫಿಗರೇಟರ್ ತೆರೆಯಿರಿ. ನಡುವೆ ಒಂದು ಇಎಸ್‌ಸಿ ನಿಂತುಹೋದರೆ ಗಾಬರಿ ಬೇಡ, ಬೂಟ್‌ಲೋಡರ್ (ಹೊಸ ಫರ್ಮ್‌ವೇರ್ ತುಂಬಿಸಿಕೊಳ್ಳುವ ಮೂಲ ಪ್ರೋಗ್ರಾಂ) ಉಳಿದಿರುತ್ತದೆ, ಅದೊಂದನ್ನೇ ಮತ್ತೆ ಫ್ಲ್ಯಾಶ್ ಮಾಡಬಹುದು.

ಬಿಎಂಐ270 ನಡೆಯುವುದು 3.2 ಕಿಲೋಹರ್ಟ್ಸ್‌ನಲ್ಲಿ. ಅದಕ್ಕೆ ಡಿಶಾಟ್300 ಸಾಕು, 600ರಿಂದ ಲಾಭ ಏನೂ ಇಲ್ಲ. ವೇಗ ಕಡಿಮೆಯಾದಷ್ಟೂ ಸಿಗ್ನಲ್ ಗಟ್ಟಿ.

ವಾಸ್ಕೋ_ರೋಟರ್:

3ನೇ ಮೋಟರ್ ಎರರ್ ಬಗ್ಗೆ ಹೇಳ್ತೀನಿ ನೋಡ್ರಿ. ಮೇಜಿನ ಮ್ಯಾಲೆ, ಕಡಿಮಿ ಥ್ರಾಟಲ್‌ದಾಗ ಶೇ 6 ಬರ್ತದ ಅಂದ್ರ ಅದು ಕರೆಂಟಿನ ಗದ್ದಲ ಅಲ್ಲ. ಗದ್ದಲದಿಂದ ಬರೋ ಎರರ್ ಥ್ರಾಟಲ್ ಏರಿದಾಂಗ ಏರ್ತದ, ನಾಲ್ಕಕ್ಕೂ ಬರ್ತದ. ಒಂದಕ್ಕ ಮಾತ್ರ ಇದ್ರ ಸಿಗ್ನಲ್ ದಾರಿಯೊಳಗ ಸಂಪರ್ಕ ಸಡಿಲ ಐತಿ ಅಂತ ತಿಳೀರಿ.

ಫ್ಲೈಟ್ ಕಂಟ್ರೋಲರ್ ಮತ್ತ ಇಎಸ್‌ಸಿ ನಡುವಿನ 8 ಪಿನ್ ಕೇಬಲ್ ತಗದು, ಆ ಪಿನ್ ಭೂತಗನ್ನಡಿ ಹಿಡಿದು ನೋಡ್ರಿ. ಮುಂಬೈ, ಗೋವಾ ಕಡಿ ಗಾಳಿಯೊಳಗ ಉಪ್ಪು ಇರ್ತದ, ಮಳಿಗಾಲ ಮುಗಿಯೋದ್ರಾಗ ಪಿನ್ ಮ್ಯಾಲೆ ಹಸಿರು ಪುಡಿ ಕೂತಿರ್ತದ. ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆ ಹಲ್ಲುಜ್ಜೋ ಬ್ರಷ್, ಆಮ್ಯಾಲೆ ಹೊಸ ಕೇಬಲ್. ಆದ್ರೂ ಹೋಗಲಿಲ್ಲ ಅಂದ್ರ ಬೀಟಾಫ್ಲೈಟ್‌ನ ಸಿಎಲ್‌ಐದಾಗ (ಕಮಾಂಡ್ ಬರಿಯೋ ಟ್ಯಾಬ್) ರಿಸೋರ್ಸ್ ಕಮಾಂಡ್ ಕೊಟ್ಟು 3 ಮತ್ತ 4ರ ಪಿನ್ ಅದಲುಬದಲು ಮಾಡ್ರಿ. ಎರರ್ 4ಕ್ಕ ಹೋತು ಅಂದ್ರ ತಪ್ಪು ಇರೋದು ವೈರ್, ಸೋಲ್ಡರ್ ಅಥವಾ ಇಎಸ್‌ಸಿಯೊಳಗ. 3ರಾಗೇ ಉಳೀತು ಅಂದ್ರ ಫ್ಲೈಟ್ ಕಂಟ್ರೋಲರ್ ಸೆಟ್ಟಿಂಗ್ ನೋಡಬೇಕು. ಹಂಗ ಬದಲಿಸಿಟ್ಟು ಹಾರಿಸಬ್ಯಾಡ್ರಿ ಮತ್ತ, ಏಳೂದಕ್ಕೇ ಮಗುಚ್ತದ.

ಎಲ್ಲಾ ಸರಿಯಾದ ಮ್ಯಾಲೆ ಎರಡೂ ಬೋರ್ಡಿಗೆ ಅಕ್ರಿಲಿಕ್ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯೋ ಲೇಪ) ತೆಳ್ಳಗ ಎರಡು ಸಲ ಹಚ್ಚಿ. ಯುಎಸ್‌ಬಿ ಬಾಯಿ, ಕನೆಕ್ಟರ್ ಒಳಗ, ಬೂಟ್ ಬಟನ್, ಬ್ಯಾರೋಮೀಟರ್ ರಂಧ್ರ ಇವಕ್ಕ ತಾಗಬಾರ್ದು.

ಡೊಂಬಿವಲಿ_ಕ್ವಾಡ್:

ಇಬ್ಬರಿಗೂ ತುಂಬಾ ಧನ್ಯವಾದ. ಪೋಲ್ 14, ಡಿಶಾಟ್300, ಪಿಡಬ್ಲ್ಯುಎಂ 24 ಮಾಡಿದೆ, ಕೇಬಲ್ ಹೊಸತು ಹಾಕಿದೆ. ಎರರ್ ನಾಲ್ಕಕ್ಕೂ 0, ಮೋಟರ್ ಉಗುರುಬೆಚ್ಚಗೆ ಮಾತ್ರ. ಪೂರ್ತಿ ಥ್ರಾಟಲ್ ಒತ್ತಿದಾಗ 3ನೆಯದು ಮಾತ್ರ ಇನ್ನೂ ಒಮ್ಮೊಮ್ಮೆ ತಡವರಿಸುತ್ತದೆ. ಮೋಟರ್ ಟೈಮಿಂಗ್ (ಸುರುಳಿಗಳ ಕರೆಂಟ್ ಎಷ್ಟು ಮುಂಚೆ ಬದಲಿಸಬೇಕು ಎಂಬ ಇಎಸ್‌ಸಿ ಸೆಟ್ಟಿಂಗ್) ಏರಿಸಲೇ?

ಮಾಟುಂಗಾ_ಪ್ರಾಪ್:

ಟೈಮಿಂಗ್ ಮುಟ್ಟುವ ಮೊದಲು ಆ ಮೋಟರ್‌ನ ಸ್ಕ್ರೂ ಬಿಚ್ಚಿ ನೋಡಿ ಮಾರಾಯ್ರೆ. ಒಂದೇ ಮೋಟರ್ ತಡವರಿಸಿದರೆ ಮೊದಲ ಅನುಮಾನ ಅದರ ಮೇಲೆಯೇ. ಆರ್ಮ್ (ಮೋಟರ್ ಕೂರುವ ಫ್ರೇಮ್‌ನ ತೋಳು) 5 ಮಿಲಿಮೀಟರ್ ದಪ್ಪ ಇರುವಲ್ಲಿ 10ರ ಸ್ಕ್ರೂ ಹಾಕಿದರೆ ತುದಿ ಸುರುಳಿಗೆ ಒರೆಸಿ ತಾಮ್ರದ ಮೇಲಿನ ಎನಾಮಲ್ ಕೆರೆದುಹಾಕುತ್ತದೆ. ಬ್ಯಾಟರಿ ತೆಗೆದು, ಆ ಮೋಟರ್‌ನ ಮೂರು ವೈರನ್ನೂ ಇಎಸ್‌ಸಿಯಿಂದ ಬಿಡಿಸಿ, ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒಂದು ಕಡ್ಡಿ ಯಾವುದಾದರೂ ಫೇಸ್ ವೈರ್‌ಗೆ, ಇನ್ನೊಂದು ಸ್ಕ್ರೂಗೆ ಹಿಡಿಯಿರಿ. ಬೀಪ್ ಬಂದರೆ ಸುರುಳಿ ಹೋಗಿದೆ, ಮೋಟರ್ ಬದಲಾಯಿಸದೆ ದಾರಿ ಇಲ್ಲ. ಮೂರು ಫೇಸ್‌ನ ಸೋಲ್ಡರ್ ಗುಂಡುಗಳನ್ನೂ ನೋಡಿ. ಮಂಕಾಗಿ ಬಿರುಕು ಬಿಟ್ಟಿದ್ದರೆ ಫ್ಲಕ್ಸ್ ಹಚ್ಚಿ ಮತ್ತೆ ಕರಗಿಸಿ. ಪೂರ್ತಿ ಕರೆಂಟ್ ಹರಿಯುವಾಗ ಮಾತ್ರ ಕೈಕೊಡುವುದು ಇಂಥ ಜಾಯಿಂಟೇ.

ಅದೆಲ್ಲ ಸರಿ ಇದ್ದರೆ ಮಾತ್ರ ಸೆಟ್ಟಿಂಗ್. ಮೊದಲು ಡೀಮ್ಯಾಗ್ ಕಾಂಪೆನ್ಸೇಷನ್ (ಮೋಟರ್ ತಾಳ ತಪ್ಪದಂತೆ ತಡೆಯುವ ಇಎಸ್‌ಸಿ ಸೆಟ್ಟಿಂಗ್) ಹೈ ಮಾಡಿ ಹಾರಿಸಿ. ಸಾಲದಿದ್ದರೆ ರ್ಯಾಂಪ್‌ಅಪ್ ಪವರ್ (ವೇಗ ಏರುವಾಗ ಕೊಡುವ ಪವರ್‌ನ ಮಿತಿ) ಒಂದು ಮೆಟ್ಟಿಲು ಇಳಿಸಿ. ಟೈಮಿಂಗ್ 15ರಿಂದ 22.5 ಡಿಗ್ರಿಗೆ ಏರಿಸುವುದು ಕೊನೆಗೆ, ಏಕೆಂದರೆ ಅದರಿಂದ ಕರೆಂಟ್ ಹೆಚ್ಚು ಎಳೆದು ಮೋಟರ್ ಮತ್ತೆ ಬಿಸಿಯಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ.

ಬ್ಯಾಟರಿ ಪ್ಯಾಡ್‌ಗೆ ಕೆಪಾಸಿಟರ್ ಹಾಕಿದ್ದೀರಾ? ಬರೆದಿಲ್ಲ. 4ಎಸ್‌ಗೆ 35 ವೋಲ್ಟ್, 470 ಮೈಕ್ರೋಫ್ಯಾರಡ್, ಲೋ ಇಎಸ್‌ಆರ್‌ದ್ದು (ಒಳಗಿನ ರೋಧ ಕಡಿಮೆ ಇರುವುದು), ಕಾಲುಗಳು ಎಷ್ಟು ಗಿಡ್ಡ ಆಗುತ್ತದೋ ಅಷ್ಟು ಗಿಡ್ಡ. 24ರಲ್ಲಿ ಬ್ರೇಕಿಂಗ್ ಜೋರು, ಆ ವೋಲ್ಟೇಜ್ ಏರಿಳಿತ ನುಂಗಲು ಅದು ಬೇಕೇ ಬೇಕು. ನಡುಕ ಉಳಿದಿದ್ದರೆ ಡೈನಾಮಿಕ್ ಐಡಲ್ (ಮೋಟರ್ ಒಂದು ಕನಿಷ್ಠ ವೇಗಕ್ಕಿಂತ ಇಳಿಯದಂತೆ ನೋಡುವ ಬೀಟಾಫ್ಲೈಟ್ ಸೆಟ್ಟಿಂಗ್) ಹಾಕಿ: 150ನ್ನು ಪ್ರಾಪ್‌ನ ಇಂಚಿನಿಂದ ಭಾಗಿಸಿ, ನಿಮ್ಮದಕ್ಕೆ 30, ಅಂದರೆ ಕನಿಷ್ಠ 3000 ಆರ್‌ಪಿಎಂ. ಆರ್‌ಪಿಎಂ ಸರಿಯಾಗಿ ಬರುತ್ತಿರುವುದರಿಂದ ಈಗ ಅದನ್ನು ಧೈರ್ಯವಾಗಿ ಆನ್ ಮಾಡಬಹುದು.